ದೆವ್ವಗಳಿಗೂ ಲೇಟ್ ಸ್ಲಿಪ್

ಅಕ್ಟೋಬರ್ ಎರಡನೇ ವಾರ ಬಂತೆಂದರೆ ನಮ್ಮ ಪ್ರಿನ್ಸಿಪಾಲರು ಪೋಷಕರಿಗೆ ಒಂದು ಪತ್ರ ಕಳಿಸುತ್ತಾರೆ. ಹ್ಯಾಲೊವೀನ್ ದಿನ ಮಕ್ಕಳು ವೇಷ ಹಾಕಿಕೊಂಡು ಬರಬಹುದು ಅನ್ನುವುದು ಅದರ ಮೊದಲ ಸಾಲು. ಆಮೇಲಿನ ಒಂದೂವರೆ ಪುಟ ಏನೇನು ಹಾಕಿಕೊಂಡು ಬರಬಾರದು ಅನ್ನುವ ಪಟ್ಟಿ. ಮುಖ ಮುಚ್ಚುವ ಮುಖವಾಡ ಬೇಡ. ಕತ್ತಿ, ಕೊಡಲಿ, ಗದೆ ಬೇಡ, ಸ್ಪಂಜಿನದಾದರೂ ಬೇಡ. ರಕ್ತದ ಹಾಗೆ ಕಾಣುವ ಬಣ್ಣ ಬೇಡ. ನೆಲ ಗುಡಿಸುವ ನಿಲುವಂಗಿ ಬೇಡ, ಮೆಟ್ಟಿಲಲ್ಲಿ ಎಡವುತ್ತಾರೆ. ಇನ್ನೊಬ್ಬರ ಧರ್ಮವನ್ನೋ ಸಂಸ್ಕೃತಿಯನ್ನೋ ವೇಷ ಮಾಡಿಕೊಳ್ಳಬೇಡಿ. ಗಾಳಿ ತುಂಬುವ ವೇಷವಂತೂ ಬೇಡವೇ ಬೇಡ. ಇಷ್ಟನ್ನೂ ಕಳೆದು ನೋಡಿದರೆ ಮಕ್ಕಳಿಗೆ ಉಳಿಯುವುದು ಒಂದು ಜೊತೆ ಬೆಕ್ಕಿನ ಕಿವಿ.

ನಾನು ನ್ಯೂಜೆರ್ಸಿಯ ಒಂದು ಮಿಡ್ಲ್ ಸ್ಕೂಲಿನ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುವವಳು. ಆರು, ಏಳು, ಎಂಟನೇ ಕ್ಲಾಸು. ಹನ್ನೊಂದರಿಂದ ಹದಿನಾಲ್ಕರ ವಯಸ್ಸು. ಪಾಠ ಮಾಡುವ ಕಷ್ಟ ನನಗಿಲ್ಲ, ಮಾರ್ಕ್ಸ್ ಕೊಡುವ ಅಧಿಕಾರವೂ ಇಲ್ಲ. ಆದರೆ ಊರಿಗೆ ಬಂದವಳು ನೀರಿಗೆ ಬರಲೇಬೇಕು ಅನ್ನುವ ಹಾಗೆ, ತಡವಾಗಿ ಬಂದವರೆಲ್ಲ ನನ್ನ ಕಿಟಕಿಗೆ ಬರಲೇಬೇಕು. ಹೆಸರು, ಹೊತ್ತು, ಕಾರಣ ಬರೆದು ಸಹಿ ಹಾಕಿ, ಗುಲಾಬಿ ಚೀಟಿ ಹರಿಸಿಕೊಂಡು ಹೋಗಬೇಕು. ಹೀಗಾಗಿ ಈ ವಯಸ್ಸಿನ ಮಕ್ಕಳ ಬಗ್ಗೆ ಮೇಷ್ಟ್ರುಗಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತು. ಮೇಷ್ಟ್ರುಗಳಿಗೆ ಅವರ ಉತ್ತರಗಳು ಗೊತ್ತು, ನನಗೆ ನೆಪಗಳು ಗೊತ್ತು.

ಪತ್ರದಲ್ಲಿ ಗಾಳಿವೇಷದ ಸಾಲು ಸೇರಿದ್ದು ಹೇಗೆಂದು ಹೇಳಿಬಿಡುತ್ತೇನೆ. ಒಂದು ಹ್ಯಾಲೊವೀನ್ ಬೆಳಿಗ್ಗೆ, ಬೆಲ್ ಆಗಿ ಕಾಲು ಗಂಟೆಯ ಮೇಲೆ, ಹೊರಬಾಗಿಲಿನ ಬಜರ್ ಹೊಡೆದುಕೊಂಡಿತು. ಕ್ಯಾಮೆರಾದಲ್ಲಿ ನೋಡಿದರೆ ಪರದೆಯ ತುಂಬ ಒಂದು ಕಂದು ಹೊಟ್ಟೆ. "ಯಾರು?" ಅಂದೆ. ಹೊಟ್ಟೆ ತನ್ನ ಹೆಸರು ಹೇಳಿತು, ಕ್ಲಾಸ್ ಹೇಳಿತು, ಬಸ್ಸು ತಪ್ಪಿತು ಅಂತಲೂ ಹೇಳಿತು. ಒಳಗೆ ಬಿಟ್ಟೆ. ಬಾಗಿಲಿಗಿಂತ ಎತ್ತರದ ಟಿ-ರೆಕ್ಸ್ ಡೈನೊಸಾರ್ ತಲೆ ಬಗ್ಗಿಸಿಕೊಂಡು, ಅಡ್ಡಡ್ಡಲಾಗಿ ನುಸುಳಿ, ನನ್ನ ಕೌಂಟರಿನ ಮುಂದೆ ನಿಂತಿತು. ಬೆನ್ನಿನ ಹತ್ತಿರ ಬ್ಯಾಟರಿ ಫ್ಯಾನು ಗುಂಯ್ ಅನ್ನುತ್ತಿತ್ತು. "ಸಹಿ ಹಾಕಪ್ಪ" ಅಂತ ಪುಸ್ತಕ ಮುಂದೆ ತಳ್ಳಿದೆ. ಡೈನೊಸಾರಿನ ಕೈ ಎಷ್ಟುದ್ದ ಅನ್ನುವುದು ವಿಜ್ಞಾನದ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ಕೈ ಚಾಚಿತು, ಹೊಟ್ಟೆ ಅಡ್ಡ ಬಂತು. ಪಕ್ಕಕ್ಕೆ ತಿರುಗಿ ಚಾಚಿತು, ಬಾಲ ಹೋಗಿ ಪ್ರಿನ್ಸಿಪಾಲರ ಬಾಗಿಲಿನಲ್ಲಿದ್ದ ಕುಂಬಳಕಾಯಿಯನ್ನು ಉರುಳಿಸಿತು. ಸುಮಾರು ಆರು ಕೋಟಿ ಅರವತ್ತು ಲಕ್ಷ ವರ್ಷದ ಹಿಂದೆ ಈ ಪ್ರಾಣಿ ನಿರ್ವಂಶವಾದದ್ದಕ್ಕೆ ಆಕಾಶದಿಂದ ಬಂಡೆ ಬಿದ್ದದ್ದು ಕಾರಣ ಅನ್ನುತ್ತಾರೆ. ನನ್ನನ್ನು ಕೇಳಿದರೆ ಸಹಿ ಹಾಕಲು ಬಾರದೆ ಇದ್ದದ್ದೂ ಇರಬಹುದು.

ಕೊನೆಗೆ ಫ್ಯಾನಿನ ಗುಂಡಿ ಆರಿಸಿದೆ. ಡೈನೊಸಾರ್ ಒಮ್ಮೆಲೇ ಬೀಳಲಿಲ್ಲ. ಮೊದಲು ಮೂತಿ ಬಾಗಿತು, ಆಮೇಲೆ ಕತ್ತು, ಆಮೇಲೆ ನಿಧಾನವಾಗಿ ಇಡೀ ದೇಹ ನನ್ನ ಹಾಜರಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿತು. ಜಿಪ್ಪು ಎಳೆದರೆ ಒಳಗಿಂದ ಬಂದದ್ದು ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ, ಬೆವರಿನಲ್ಲಿ ತೊಯ್ದ, ಕಡ್ಡಿಯಂಥ ಆರನೇ ಕ್ಲಾಸಿನ ಹುಡುಗ. "ಥ್ಯಾಂಕ್ಯೂ ಮಿಸೆಸ್ ರಾವ್, ಒಳಗೆ ಉಸಿರೇ ಆಡ್ತಿರಲಿಲ್ಲ" ಅಂದ. ಸಹಿ ಹಾಕಿದ. ಕಾರಣದ ಜಾಗದಲ್ಲಿ "ಬಸ್ ಡ್ರೈವರ್ ಹತ್ತಿಸಿಕೊಳ್ಳಲಿಲ್ಲ" ಅಂತ ಬರೆದ. ಬಸ್ಸು ತಪ್ಪಿದ್ದಕ್ಕೂ ಇದಕ್ಕೂ ವ್ಯತ್ಯಾಸವಿದೆ. ನನಗೇನೋ ಡ್ರೈವರ್ ಮಾಡಿದ್ದೇ ಸರಿ ಅನ್ನಿಸಿತು.

ಆರನೇ ಕ್ಲಾಸಿನವರದು ಹೀಗೆ. ಅವರಿನ್ನೂ ಮಕ್ಕಳು, ವೇಷ ಅಂದರೆ ಪೂರ್ತಿ ವೇಷ. ಎಂಟನೇ ಕ್ಲಾಸಿನವರು ದೊಡ್ಡವರು, ದಿನಾ ಹಾಕುವ ಕಪ್ಪು ಟೋಪಿ ಅಂಗಿ ‘ಹುಡಿ’ಯನ್ನೇ ಹಾಕಿಕೊಂಡು ಬರುತ್ತಾರೆ. ಕೇಳಿದರೆ "ನಾನು ಸುಸ್ತಾದ ಮನುಷ್ಯನ ವೇಷ" ಅನ್ನುತ್ತಾರೆ. ಪಾಪ, ನರಳುವವರು ಏಳನೆಯವರು. ಅವರದು ಅತ್ತ ದರಿ, ಇತ್ತ ಪುಲಿ. ವೇಷ ಹಾಕಿ ಬಂದು ಉಳಿದವರು ಹಾಕಿಲ್ಲದಿದ್ದರೆ ಮಾನ ಹೋಯಿತು. ಹಾಕದೆ ಬಂದು ಉಳಿದವರೆಲ್ಲ ಹಾಕಿದ್ದರೂ ಮಾನ ಹೋಯಿತು. ಹಿಂದಿನ ರಾತ್ರಿ ಹನ್ನೊಂದರವರೆಗೂ ಗ್ರೂಪ್ ಚಾಟಿನಲ್ಲಿ ಒಪ್ಪಂದ ನಡೆಯುತ್ತದೆ. ನೀನು ಹಾಕಿದರೆ ನಾನು, ಅವಳು ಹಾಕಿದರೆ ನೀನು. ಬೆಳಿಗ್ಗೆ ಆ ಒಪ್ಪಂದ ಮುರಿದಿರುತ್ತದೆ. ವೇಷವನ್ನು ಬ್ಯಾಗಿನಲ್ಲಿ ಮಡಿಸಿಟ್ಟುಕೊಂಡು ಬಂದು, ಕಾರಿಡಾರಿನ ಮೂಲೆಯಿಂದ ಇಣುಕಿ, ಎಷ್ಟು ಜನ ಹಾಕಿದ್ದಾರೆ ಅಂತ ಲೆಕ್ಕ ಹಾಕಿ, ಬಹುಮತ ನೋಡಿಕೊಂಡು ಬಾತ್‌ರೂಮಿಗೆ ಓಡುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ನಮ್ಮ ಶಾಸಕರು ಪಕ್ಷ ಬದಲಿಸುವ ಮುಂಚೆ ಇಷ್ಟು ಎಚ್ಚರಿಕೆ ವಹಿಸುವುದಿಲ್ಲ.

ಎಂಟೂವರೆಗೆ ಆಫೀಸಿನ ಫೋನಿನ ಮುಂದೆ ಕ್ಯೂ. ಅರ್ಧ ಜನ "ಅಮ್ಮಾ, ನನ್ನ ವೇಷ ತಂದುಕೊಡು", ಇನ್ನರ್ಧ "ಅಮ್ಮಾ, ನನ್ನ ಜೀನ್ಸ್ ತಂದುಕೊಡು". ಒಬ್ಬ ತಾಯಿ ಎರಡಕ್ಕೂ ಬಂದು ಹೋದರು. ಎರಡನೇ ಸಲ ಬಂದಾಗ ಕಾರಿನ ಎಂಜಿನ್ ಆರಿಸಿರಲಿಲ್ಲ. ಚೀಲ ಕೌಂಟರಿನ ಮೇಲೆ ಇಟ್ಟು, "ಮತ್ತೆ ಫೋನ್ ಮಾಡಿದರೆ ಅಮ್ಮ ಊರಲ್ಲಿಲ್ಲ ಅಂತ ಹೇಳಿ" ಅಂದು ಹೊರಟೇಹೋದರು.

ಎಂಟನೇ ಕ್ಲಾಸಿನವರಲ್ಲಿ ಹುಡಿ ಬಿಟ್ಟು ನಿಜವಾಗಿ ವೇಷ ಹಾಕುವ ಕೆಲವರಿರುತ್ತಾರೆ, ಅವರು ಅಪಾಯಕಾರಿ. ಅವರು ದೆವ್ವ ಆಗುವುದಿಲ್ಲ, ನಾವಾಗುತ್ತಾರೆ. ಸೀಟಿ, ಟೋಪಿ, ಕಾಫಿ ಮಗ್ಗು ಹಿಡಿದು ಜಿಮ್ ಮೇಷ್ಟ್ರಾಗುತ್ತಾರೆ. ಒಂದು ವರ್ಷ ಒಬ್ಬಳು ನಾನಾಗಿ ಬಂದಳು. ಬೂದು ಕಾರ್ಡಿಗನ್ನು, ಸರಪಣಿ ಕಟ್ಟಿದ ಕನ್ನಡಕ, ಕುತ್ತಿಗೆಗೆ ಬೀಗದ ಕೈ ಗೊಂಚಲು, ಕೈಯಲ್ಲಿ ಗುಲಾಬಿ ಚೀಟಿಯ ಕಟ್ಟು, ಹಣೆಗೆ ಅಂಟಿಸುವ ಬೊಟ್ಟು. ಕಿಟಕಿಯ ಹೊರಗೆ ನಿಂತು, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಲೇಟಾಯಿತು ಅಲ್ವಾ? ಮನೆಯಿಂದ ನೋಟ್ ತಂದಿದೀಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಇಂಗ್ಲಿಷ್ ಹೊರಗಿನಿಂದ ಹೇಗೆ ಕೇಳಿಸುತ್ತದೆ ಅಂತ ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ. ನಮ್ಮ ಯಜಮಾನರು ಸಂಜೆ ವಿಷಯ ಕೇಳಿ, ಆ ಹುಡುಗಿಯನ್ನು ಒಮ್ಮೆ ಮನೆಗೆ ಕರಿ ಅಂದರು.

ಅದಕ್ಕೂ ಮುಂಚೆ, ಸ್ಕೂಲಿನಲ್ಲೇ, ಕೌನ್ಸೆಲರ್ ಗಾಬರಿಯಾಗಿ ಬಂದಿದ್ದರು. ಹಣೆಯ ಬೊಟ್ಟು ಪತ್ರದ ಐದನೇ ನಿಯಮದ ಅಡಿಯಲ್ಲಿ ಬರುತ್ತದೆಯೇ ಅನ್ನುವುದು ಅವರ ಚಿಂತೆ. ಬಾಗಿಲು ಮುಚ್ಚಿ, ದನಿ ತಗ್ಗಿಸಿ, ನನಗೆ ನೋವಾಗಿದೆಯೇ ಅಂತ ಕೇಳಿದರು. ನೋವಾಗಿದೆ ಅಂದೆ. ಅವರು ನೋಟ್‌ಬುಕ್ ತೆಗೆದರು. ಬೊಟ್ಟಿನದಲ್ಲ, ಕಾರ್ಡಿಗನ್ನಿನದು, ನನ್ನದು ಅಷ್ಟು ಹಳೆಯದಾಗಿ ಕಾಣುತ್ತದೆಯೇ ಅಂದೆ. ಅವರು ಒಂದು ಕ್ಷಣ ನನ್ನ ಕಾರ್ಡಿಗನ್ ನೋಡಿ, ಉತ್ತರಿಸದೆ ನೋಟ್‌ಬುಕ್ ಮುಚ್ಚಿದರು.

ಸಿಬ್ಬಂದಿಗೂ ವೇಷವುಂಟು. ಗಣಿತದವರು ಒಬ್ಬೊಬ್ಬರು ಒಂದೊಂದು ಬಣ್ಣದ ಕ್ರೆಯಾನ್ ಆಗುತ್ತಾರೆ. ಆಫೀಸಿನವರು ಊಟದ ಮೇಜಿನ ಸಾಮಾನಾಗಬೇಕು ಅಂತ ಒಂದು ವರ್ಷ ತೀರ್ಮಾನವಾಯಿತು. ನರ್ಸ್ ಉಪ್ಪು, ಅಕೌಂಟ್ಸಿನವರು ಮೆಣಸು, ನನ್ನ ಪಕ್ಕದ ಮೇಜಿನವರು ಟೊಮೆಟೊ ಕೆಚಪ್, ನಾನು ಮಸ್ಟರ್ಡ್ ಬಾಟಲಿ. ಮೈ ಪೂರ್ತಿ ಅರಿಸಿನ ಬಣ್ಣದ ಬಟ್ಟೆಯ ಕೊಳವೆ, ತಲೆಗೆ ಕೊಕ್ಕಿನಂಥ ಮುಚ್ಚಳ. ಆ ಅವತಾರದಲ್ಲೇ ಫೋನ್ ಎತ್ತಿದೆ, ಗೈರು ಹಾಜರಾದವರ ಮನೆಗೆ ಕರೆ ಮಾಡಿದೆ. ಮಗನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯಲು ಬಂದ ತಂದೆಯೊಬ್ಬರಿಗೆ "ಫೋಟೊ ಇರುವ ಐಡಿ ತೋರಿಸಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದಲು ನಿಮ್ಮದು ತೋರಿಸಿ" ಅಂದರು.

ಮಧ್ಯಾಹ್ನ ಕೆಚಪ್ ಬಾಟಲಿಯ ಜೊತೆ ನಿಂತು ತೆಗೆಸಿಕೊಂಡ ಫೋಟೊವನ್ನು ಮೈಸೂರಿನ ನಮ್ಮ ಮನೆಯ ಗ್ರೂಪಿಗೆ ಹಾಕಿದೆ. ಅಲ್ಲಿ ಆಗಲೇ ನವೆಂಬರ್ 1 ಹುಟ್ಟಲು ಸ್ವಲ್ಪವೇ ಹೊತ್ತಿತ್ತು. ಹಳದಿ ನಾನು, ಕೆಂಪು ಅವರು, ಅಕ್ಕಪಕ್ಕ. ಬೆಳಿಗ್ಗೆ ಎದ್ದು ನೋಡಿದ ಚಿಕ್ಕಪ್ಪ ಕನ್ನಡಕ ಹಾಕಿಕೊಳ್ಳದೆಯೇ ಉತ್ತರ ಬರೆದಿದ್ದರು: "ದೂರದ ಅಮೆರಿಕದಲ್ಲೂ ಬಾವುಟ ಹಾರಿಸಿದ್ದೀಯ, ಭೇಷ್! ರಾಜ್ಯೋತ್ಸವದ ಶುಭಾಶಯ." ಅವರ ಹಿಂದೆ ಎಲ್ಲರೂ ಜೈ ಭುವನೇಶ್ವರಿ ಅಂದರು. ನಾನು ಸಾಸಿವೆ ಅಂತ ತಿದ್ದಲು ಹೋಗಲಿಲ್ಲ.

ಹ್ಯಾಲೊವೀನ್ ಹಬ್ಬದ ಮೂಲ ಐರ್ಲೆಂಡಿನ ಕಡೆಯದು. ಸುಗ್ಗಿ ಮುಗಿದು ಚಳಿ ಹಿಡಿಯುವ ಸಂಧಿಕಾಲದ ಸೌಇನ್ ಅನ್ನುವ ಹಳೆಯ ಆಚರಣೆ. ಆ ರಾತ್ರಿ ಸತ್ತವರು ಇತ್ತ ಸುಳಿಯುತ್ತಾರೆಂಬ ನಂಬಿಕೆ. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. 1840ರ ದಶಕದ ಬರಗಾಲದಲ್ಲಿ ಹಡಗು ಹತ್ತಿ ಇಲ್ಲಿಗೆ ಬಂದವರಿಗೆ ಕುಂಬಳಕಾಯಿ ಸಿಕ್ಕಿತು. ಗಟ್ಟಿ ಟರ್ನಿಪ್ಪಿನ ಹೊಟ್ಟೆ ಕೊರೆದು ಸಾಕಾಗಿದ್ದವರಿಗೆ ಅದು ವರ. ಅಲ್ಲಿಂದ ಮುಂದಿನದು ಕುತೂಹಲದ ಕತೆ. ಹಬ್ಬ ಬೆಳೆದಂತೆ ಅದು ಪುಂಡ ಹುಡುಗರ ಕೈಗೆ ಹೋಯಿತು. ಕಿಟಕಿಗಳಿಗೆ ಸೋಪು ಬಳಿಯುವುದು, ಹಿತ್ತಲಿನ ಕಕ್ಕಸು ಉರುಳಿಸುವುದು. ಮಿನೆಸೊಟಾದ ಅನೋಕಾ ಅನ್ನುವ ಊರಿನವರು ಒಂದು ಬೆಳಿಗ್ಗೆ ಎದ್ದು ನೋಡಿದರೆ ಅವರ ಹಸುಗಳು ಮುಖ್ಯ ಬೀದಿಯಲ್ಲಿ ಅಡ್ಡಾಡುತ್ತಿದ್ದವಂತೆ. ಊರ ಹಿರಿಯರು ಕೂತು ಯೋಚಿಸಿ 1920ರಲ್ಲಿ ಮೆರವಣಿಗೆ ಶುರು ಮಾಡಿದರು, ಮಕ್ಕಳಿಗೆ ಪಾಪ್‌ಕಾರ್ನ್, ಕಡಲೆಕಾಯಿ, ಮಿಠಾಯಿ ಹಂಚಿದರು. ಅಯೋವಾದ ಡೆ ಮಾಯ್ನ್ ನಗರದಲ್ಲಿ 1938ರಲ್ಲಿ ಇದೇ ಕಾರಣಕ್ಕೆ ಒಂದು ಸಂಜೆ ಗೊತ್ತು ಮಾಡಿದರು. ಅಲ್ಲಿ ಬಾಗಿಲಿಗೆ ಬಂದ ಮಗು ಒಂದು ಜೋಕ್ ಹೇಳಿದರೆ ಮಿಠಾಯಿ. "ಕೊಡ್ತೀರೋ, ಕಿತಾಪತಿ ಮಾಡಲೋ" ಅನ್ನುವ ಟ್ರಿಕ್ ಆರ್ ಟ್ರೀಟ್ ಕೂಡ ಹೀಗೆಯೇ ಹಬ್ಬಿತು. ಒಟ್ಟಿನಲ್ಲಿ ಹನ್ನೆರಡು ಹದಿಮೂರರ ಪುಂಡರಿಗೆ ಊರು ಕೊಟ್ಟ ಲಂಚ ಇದು, ಮಿಠಾಯಿ ತಗೋ, ಹಸು ಮುಟ್ಟಬೇಡ ಅಂತ.

ತಮಾಷೆ ಏನೆಂದರೆ, ಯಾರ ಕಾಟ ತಾಳಲಾರದೆ ಈ ಏರ್ಪಾಡು ಹುಟ್ಟಿತೋ ಅವರನ್ನೇ ಈಗ ನಿನಗೆ ವಯಸ್ಸಾಯಿತು ಹೋಗು ಅನ್ನುತ್ತಾರೆ. ವರ್ಜೀನಿಯಾದ ಚೆಸಪೀಕ್ ನಗರ 1970ರಲ್ಲಿ ಕಾನೂನೇ ಮಾಡಿಬಿಟ್ಟಿತ್ತು. 12 ದಾಟಿದವರು ಮಿಠಾಯಿ ಕೇಳಿಕೊಂಡು ಮನೆ ಬಾಗಿಲಿಗೆ ಹೋದರೆ ದಂಡ, 6 ತಿಂಗಳವರೆಗೆ ಜೈಲೂ ಆಗಬಹುದು. ಯಾರನ್ನೂ ಒಳಗೆ ಹಾಕಲಿಲ್ಲವೆನ್ನಿ. ಆದರೂ ದೇಶವೆಲ್ಲ ನಕ್ಕ ಮೇಲೆ 2019ರಲ್ಲಿ ಮಿತಿಯನ್ನು 14ಕ್ಕೆ ಏರಿಸಿ ಜೈಲಿನ ಮಾತನ್ನು ಕೈಬಿಟ್ಟರು. ಇಪ್ಪತ್ತು ವರ್ಷದ ಕಳ್ಳನ ಪಕ್ಕದಲ್ಲಿ ಕೂತ ಹದಿಮೂರರ ಹುಡುಗನನ್ನು ನೆನೆಸಿಕೊಳ್ಳಿ. ನೀನೇನು ಮಾಡಿದೆ ಅಂತ ಅವನು ಕೇಳುತ್ತಾನೆ. ಇವನು ಚಾಕೊಲೇಟ್ ಅನ್ನಬೇಕು.

ಮೈಸೂರಿನಲ್ಲಿ ನವರಾತ್ರಿಯ ಸಂಜೆ ನಾವೂ "ಬೊಂಬೆ ಕೂರ್ಸಿದೀರಾ?" ಅಂತ ಮನೆಮನೆಗೆ ನುಗ್ಗುತ್ತಿದ್ದೆವು. ಬೊಂಬೆಯ ಮೇಲೆ ಒಂದು ಕಣ್ಣು, ಚರುಪಿನ ಡಬ್ಬಿಯ ಮೇಲೆ ಇನ್ನೊಂದು ಕಣ್ಣು. ಅಲ್ಲಿ ಯಾರೂ ವಯಸ್ಸು ಕೇಳುತ್ತಿರಲಿಲ್ಲ. ಆದರೆ ಒಂದು ವರ್ಷ ನಮ್ಮಣ್ಣ, ಆಗ ಅವನಿಗೆ ಮೀಸೆಯ ನೆರಳು ಬಂದಿತ್ತು, ತಾನು ಬರುವುದಿಲ್ಲ ಅಂದ. ಇದೆಲ್ಲ ಚಿಕ್ಕ ಮಕ್ಕಳದು ಅಂದ. ಗೇಟಿನವರೆಗೆ ಬಂದು ಮೆಲ್ಲಗೆ, "ಮೂಲೆಮನೆಯವರು ರವೆ ಉಂಡೆ ಕೊಟ್ಟರೆ ನನ್ನದೂ ಒಂದು ಇಸ್ಕೊಂಡು ಬಾ" ಅಂದ.

ನಮ್ಮ ಮನೆಯ ಬಾಗಿಲಿನ ವಿಚಾರಕ್ಕೆ ಬರುತ್ತೇನೆ. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೊವೀನೂ ಒಂದೇ ದಿನ ಬಿದ್ದವು. ನಮ್ಮ ಅತ್ತೆ ಬಂದಿದ್ದರು. ಎದುರುಮನೆಯವರು ಮರಕ್ಕೆ ಅಸ್ಥಿಪಂಜರ ತೂಗುಹಾಕಿದ್ದು ನೋಡಿ, "ಹಬ್ಬದ ಹೊತ್ತಲ್ಲಿ ಬಾಗಿಲಿಗೆ ಹೆಣ ಯಾಕೇ ಕಟ್ಟಿದಾರೆ?" ಅಂದರು. ವಿವರಿಸಿದೆ. ಸತ್ತವರು ಬರುವ ಹಬ್ಬ ಅಂದಮೇಲೆ ಅವರಿಗೆ ಪೂರ್ತಿ ಅರ್ಥವಾಯಿತು. "ಪಿತೃಪಕ್ಷ ಆಗ್ಲೇ ಮುಗೀತಲ್ಲ, ಇವರು ತಡ" ಅಂದರು. ಸಂಜೆ ರಂಗೋಲಿ ಹಾಕಿ, ಹಣತೆ ಹಚ್ಚಿ, ಪಕ್ಕದಲ್ಲಿ ಹಲ್ಲು ಕಿರಿದ ಕುಂಬಳಕಾಯಿ ಇಟ್ಟೆವು. ಬಂದ ಮಕ್ಕಳಿಗೆ ತಾವೇ ಕರಿದ ಚಕ್ಕುಲಿ ಕೊಡಬೇಕೆಂದು ಅತ್ತೆಯ ಹಟ. ಇಲ್ಲಿ ಅಂಗಡಿಯ ಕವರ್ ಒಡೆಯದ ಮಿಠಾಯಿಯೇ ಆಗಬೇಕು, ಅಪರಿಚಿತರು ವಿಷ ಹಾಕಿರುತ್ತಾರೆಂದು ತಂದೆತಾಯಿಗಳಿಗೆ ಭಯ ಅಂದೆ. ಜೋಯೆಲ್ ಬೆಸ್ಟ್ ಅನ್ನುವ ಸಮಾಜಶಾಸ್ತ್ರಜ್ಞರು ದಶಕಗಳ ಪತ್ರಿಕಾ ವರದಿಗಳನ್ನು ಜಾಲಾಡಿ, ಬಾಗಿಲಿಗೆ ಬಂದ ಮಗುವನ್ನು ಅಪರಿಚಿತರು ಹೀಗೆ ಕೊಂದ ಒಂದು ಪ್ರಕರಣವೂ ಕಾಣಲಿಲ್ಲ ಅಂದಿದ್ದಾರೆ. ಆದರೂ ಭಯ ಮಾತ್ರ ವರ್ಷವೂ ಬರುತ್ತದೆ. ಅತ್ತೆ ಇದನ್ನೆಲ್ಲ ಕೇಳಿ, "ನನ್ನ ಚಕ್ಕುಲಿ ತಿಂದು ಯಾರು ಸತ್ತಿದಾರೆ?" ಅಂದರು. ಅದಕ್ಕೆ ನಮ್ಮ ಯಜಮಾನರು ಉತ್ತರ ಕೊಡಲು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನಾದರು.

ಚಿಕ್ಕವರು ಬೆಳಕಿರುವಾಗಲೇ ಬಂದು ಹೋಗುತ್ತಾರೆ. 2007ರಿಂದ ಇಲ್ಲಿ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದಿಡುವುದು ನವೆಂಬರ್ ಮೊದಲ ಭಾನುವಾರಕ್ಕೆ ಸರಿದ ಮೇಲೆ ಅವರಿಗೆ ಒಂದು ಗಂಟೆ ಬೆಳಕು ಜಾಸ್ತಿ ಸಿಕ್ಕಿದೆ. ಕತ್ತಲಾದ ಮೇಲೆ ಬರುವವರು ನನ್ನ ಗಿರಾಕಿಗಳು. ಅತ್ತೆ ಬಂದಿದ್ದಕ್ಕೆ ಹಿಂದಿನ ವರ್ಷ, ಏಳೂವರೆ ದಾಟಿತ್ತು, ಬೆಲ್ ಆಯಿತು. ತೆಗೆದರೆ ನನಗಿಂತ ಎತ್ತರದ ಮೂವರು. ಕಪ್ಪು ಹುಡಿ, ವೇಷದ ಸುಳಿವಿಲ್ಲ. ಕೈಯಲ್ಲಿ ದಿಂಬಿನ ಕವರುಗಳು. ಒಡೆದ ಗಂಡುದನಿಯಲ್ಲಿ "ಟ್ರಿಕ್ ಆರ್..." ಅಂತ ಶುರು ಮಾಡಿದ ಮುಂದಿನವನು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. "ಮಿಸೆಸ್ ರಾವ್? ನೀವು ಇಲ್ಲಿ ಇರ್ತೀರಾ?" ನಾನು ರಾತ್ರಿ ಹೊತ್ತು ಸ್ಕೂಲಿನ ಕಪಾಟಿನಲ್ಲಿ ಇರುತ್ತೇನೆ ಅಂತ ಇವರೆಲ್ಲ ತಿಳಿದುಕೊಂಡಿದ್ದಾರೆ. ಅವನ ದಿಂಬಿನ ಕವರನ್ನು ನೋಡಿದೆ. ನೀಲಿ ಬಟ್ಟೆ, ಅದರ ಮೇಲೆ ಮಾಸಿಹೋದ ಪುಟ್ಟ ಪುಟ್ಟ ರೈಲುಗಳು, ಪ್ರತಿ ಎಂಜಿನ್ನಿಗೂ ಒಂದು ನಗುಮುಖ. ನಾನು ನೋಡಿದ್ದು ಅವನಿಗೆ ತಿಳಿಯಿತು. ಕವರನ್ನು ತಿರುಗಿಸಿ ಹಿಡಿದ. ಹಿಂದುಗಡೆಯೂ ರೈಲುಗಳೇ ಇದ್ದವು.

ಅವರಿಗೆ ದೊಡ್ಡ ಸೈಜಿನ ಚಾಕೊಲೇಟ್ ಹಾಕಿದೆ. ಇಂಥ ಮನೆಗಳ ಹೆಸರು ಬಡಾವಣೆಯಲ್ಲೆಲ್ಲ ಹತ್ತು ನಿಮಿಷದಲ್ಲಿ ಹಬ್ಬುತ್ತದೆ ಅಂತ ಗೊತ್ತಿದ್ದೂ ಹಾಕಿದೆ. ಇಬ್ಬರು ಹೊರಟರು. ರೈಲಿನವನು ಮೆಟ್ಟಿಲ ಮೇಲೆ ತಿರುಗಿ ನಿಂತು, "ಮಿಸೆಸ್ ರಾವ್, ನನ್ನ ತಂಗಿಗೂ ಒಂದು ಕೊಡ್ತೀರಾ? ಅವಳಿಗೆ ಹುಷಾರಿಲ್ಲ, ಬರಲಿಲ್ಲ" ಅಂದ.

ಇಡೀ ಸ್ಕೂಲಿನ ಮಕ್ಕಳ ಮನೆಯ ವಿವರ ನನ್ನ ಕಂಪ್ಯೂಟರಿನಲ್ಲಿದೆ. ಆ ಹುಡುಗ ಒಬ್ಬನೇ ಮಗ. ತಂಗಿಗೆ ಏನಾಗಿದೆ ಅಂತ ಕೇಳಿದೆ. ಜ್ವರ ಅಂದ. ಎಷ್ಟು ವಯಸ್ಸು ಅಂದೆ. ಸ್ವಲ್ಪ ಯೋಚಿಸಿ ಎಂಟು ಅಂದ. ಪಾಪ, ಜ್ವರ ಬಂದ ಮಗು ಅಂತ ಎರಡು ಹಾಕಿದೆ.

ನವೆಂಬರ್ 1 ನಮ್ಮ ಆಫೀಸಿಗೆ ವರ್ಷದ ಅತಿ ಭಾರದ ದಿನ. ನರ್ಸಿನ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡವರ ಸಾಲು, ಕ್ಯಾರಮೆಲ್ ಕಚ್ಚಿ ಹಲ್ಲಿನ ಕ್ಲಿಪ್ ಕಳಚಿಸಿಕೊಂಡವರ ಇನ್ನೊಂದು ಸಾಲು. ಕೆಲವು ಹಲ್ಲಿನ ಡಾಕ್ಟರುಗಳು ಮಕ್ಕಳಿಂದ ಪೌಂಡಿಗೆ ಒಂದು ಡಾಲರಿನ ಹಾಗೆ ಮಿಠಾಯಿ ಕೊಂಡು ಸೈನಿಕರಿಗೆ ಕಳಿಸುತ್ತಾರೆ. ನಮ್ಮ ಹುಡುಗರು ಯಾರಿಗೂ ಇಷ್ಟವಿಲ್ಲದ ಕ್ಯಾಂಡಿ ಕಾರ್ನನ್ನು ಅಲ್ಲಿ ತೂಕಕ್ಕೆ ಹಾಕಿ, ಬಂದ ದುಡ್ಡಿನಲ್ಲಿ ಬೇರೆ ಮಿಠಾಯಿ ಕೊಳ್ಳುತ್ತಾರೆ. ಊಟದ ಹಾಲಿನಲ್ಲಿ ದಲಾಲಿ ನಡೆಯುತ್ತದೆ. ಒಂದು ರೀಸಸ್ ಕಪ್ಪಿಗೆ ಮೂರು ಆಲ್ಮಂಡ್ ಜಾಯ್, ಒಣದ್ರಾಕ್ಷಿ ಡಬ್ಬಿಗೆ ಏನೂ ಇಲ್ಲ, ಕೊಟ್ಟವರ ಮನೆ ವಿಳಾಸ ಮಾತ್ರ ಮುಂದಿನ ವರ್ಷಕ್ಕೆ ನೆನಪಿಟ್ಟುಕೊಳ್ಳುತ್ತಾರೆ. ಭಿನ್ನರಾಶಿ ತಲೆಗೆ ಹತ್ತದ ಹುಡುಗರು ಇಲ್ಲಿ ಬಾಯಲ್ಲೇ ಲೆಕ್ಕ ಮಾಡುವುದನ್ನು ಗಣಿತದ ಕ್ರೆಯಾನುಗಳು ದೂರದಿಂದ ನೋಡಿ ನಿಟ್ಟುಸಿರು ಬಿಡುತ್ತವೆ.

ಆ ವರ್ಷ ಅವತ್ತು ಒಂಬತ್ತೂಕಾಲಿಗೆ ರೈಲಿನ ಹುಡುಗ ನನ್ನ ಕಿಟಕಿಗೆ ಬಂದ. ಕಣ್ಣು ಕೆಂಪಗಿತ್ತು, ತುಟಿಯ ಮೂಲೆಯಲ್ಲಿ ಚಾಕೊಲೇಟ್ ಇತ್ತು. ಪುಸ್ತಕ ಮುಂದಿಟ್ಟೆ. ಹೆಸರು ಬರೆದ, ಹೊತ್ತು ಬರೆದ. ಕಾರಣದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನನ್ನನ್ನು ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ, ನೀಟಾದ ಅಕ್ಷರದಲ್ಲಿ, "ತಂಗಿಗೆ ಇನ್ನೂ ಜ್ವರ ಬಿಟ್ಟಿಲ್ಲ" ಅಂತ ಬರೆದ.

ನಾನು ಗುಲಾಬಿ ಚೀಟಿ ಹರಿದುಕೊಟ್ಟು, ಅವಳನ್ನು ಕೇಳಿದೆ ಅಂತ ಹೇಳು ಅಂದೆ.